ಒಂದೇ ಪಾತ್ರೆ ಸರಿ, ಒಂದೇ ಸಲಕ್ಕೆ ಬೇಡ

ಪ್ರಿಯ ಓದುಗರೇ,

ಕಳೆದ ಸಂಚಿಕೆಯಲ್ಲಿ ಬಂದ ಬೀಫ್ ಸ್ಟ್ಯೂ ಮಾಡಿ ನೋಡಿ, ಬೇಸರದಿಂದಲೇ ಪತ್ರ ಬರೆದಿದ್ದೀರಿ. ಕೊಬ್ಬು, ನರ ಒಂದೂ ಇಲ್ಲದ ಮಾಂಸ ಆರಿಸಿ ತಂದಿರಿ. ಕ್ಯಾರೆಟ್, ಆಲೂಗಡ್ಡೆ, ಟರ್ನಿಪ್ ಜೊತೆಗೆ ಒಟ್ಟಿಗೇ ಹಾಕಿ ಎರಡು ಗಂಟೆ ಕೊತಕೊತ ಕುದಿಸಿದಿರಿ. ಕೊನೆಗೆ ಮಾಂಸ ನಾರುನಾರು, ತರಕಾರಿ ಮುದ್ದೆ, ರಸ ಬರೀ ನೀರು. "ಇಷ್ಟು ಒಳ್ಳೆಯ ಮಾಂಸ ಹಾಳಾಯಿತಲ್ಲ, ತಪ್ಪು ಯಾರದು?" ಎಂದು ಕೇಳಿದ್ದೀರಿ.

ಅರ್ಧ ತಪ್ಪು ನಮ್ಮದೇ. "ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ಬೇಯಿಸಿ" ಎಂದು ಅಚ್ಚು ಹಾಕಿದೆವು. ಯಾವುದನ್ನು ಯಾವಾಗ ಹಾಕಬೇಕೆಂದು ಹೇಳಲಿಲ್ಲ. ಉಳಿದರ್ಧ ನಿಮ್ಮ ಆ "ಒಳ್ಳೆಯ ಮಾಂಸ"ದ್ದು.

ಸ್ಟ್ಯೂಗೆ ಬೇಕಾದದ್ದು ದುಡಿದ ಮಾಂಸ. ಕಾಲು, ಭುಜ, ಎದೆಯ ಭಾಗದ್ದು. ಅಲ್ಲಿರುವ ಬಿಳಿ ನರ, ಪೊರೆಗಳನ್ನು ನೋಡಿ ಮುಖ ಸಿಂಡರಿಸಬೇಡಿ, ರುಚಿಯೆಲ್ಲ ಅಲ್ಲೇ ಇದೆ. ಅದು ಕೊಲಾಜೆನ್. ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ನಿಧಾನವಾಗಿ ಕರಗಿ ಜೆಲಟಿನ್ ಆಗುತ್ತದೆ. ರಸಕ್ಕೆ ತುಟಿಗೆ ಅಂಟುವ ಮಂದ ಬರುವುದು ಅದರಿಂದಲೇ. ಆದರೆ ಈ ಕೆಲಸಕ್ಕೆ ಎರಡೂವರೆ, ಮೂರು ಗಂಟೆ ಬೇಕು. ನೀವು ತಂದ ಮಾಂಸದಲ್ಲಿ ಕರಗುವಂಥದ್ದೇ ಇರಲಿಲ್ಲ. ಬೇಯಿಸಿದಷ್ಟೂ ಅದು ಇರುವ ರಸವನ್ನೂ ಹಿಂಡಿ ಹೊರಹಾಕುತ್ತದೆ. ಸುತ್ತ ನೀರಿದ್ದರೂ ಮಾಂಸ ಒಣಗಬಲ್ಲದು, ನಂಬಿ. ಭೋರೆಂದು ಕುದಿಸಿದರಂತೂ ಇನ್ನೂ ಬೇಗ. ಮೇಲೆ ಆಗೊಂದು ಈಗೊಂದು ಗುಳ್ಳೆ ಏಳುವಷ್ಟು ಉರಿ ಸಾಕು.

ನೀರು ಹಾಕುವ ಮೊದಲು ಮಾಂಸದ ತೇವ ಒರೆಸಿ, ಕಾದ ಎಣ್ಣೆಯಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ ಗಾಢ ಕಂದು ಬಣ್ಣಕ್ಕೆ ಹುರಿಯಿರಿ. ಪಾತ್ರೆ ತುಂಬ ಸುರಿದರೆ ನೀರು ಬಿಟ್ಟುಕೊಂಡು ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. ಹೀಗೆ ಹುರಿದರೆ ಮಾಂಸದ ರಸ ಒಳಗೇ ಉಳಿಯುತ್ತದೆ ಎಂದು ನಿಮ್ಮ ಪತ್ರದಲ್ಲೂ ಇದೆ. 19ನೇ ಶತಮಾನದ ಜರ್ಮನ್ ರಸಾಯನಶಾಸ್ತ್ರಜ್ಞ ಲೀಬಿಗ್ ಹರಡಿದ ನಂಬಿಕೆ ಅದು. ಸುಳ್ಳೆಂದು ಗೊತ್ತಾಗಿ ಎಷ್ಟೋ ಕಾಲವಾಯಿತು. ನಾನೂ ವರ್ಷಗಟ್ಟಲೆ ಅದನ್ನೇ ಹೇಳಿಕೊಂಡು ತಿರುಗಿದವನೇ. ಹುರಿಯುವುದು ಪರಿಮಳಕ್ಕೆ. ತಳಕ್ಕೆ ಹತ್ತಿದ ಕಂದು ಚಕ್ಕೆಯನ್ನು ತೊಳೆದು ಚೆಲ್ಲಬೇಡಿ. ಅದೇ ಪಾತ್ರೆಯಲ್ಲಿ ಈರುಳ್ಳಿ ಬಾಡಿಸಿ, ಸ್ವಲ್ಪ ನೀರು ಹಾಕಿ ಕೆರೆದರೆ ಎಲ್ಲ ಬಿಟ್ಟುಕೊಳ್ಳುತ್ತದೆ. ಒಂದು ಪಾತ್ರೆಯ ಅಡುಗೆಯ ಲಾಭವೇ ಇದು.

1 ಕಿಲೋ ಮಾಂಸವನ್ನು 4 ಸೆಂಟಿಮೀಟರ್ ತುಂಡು ಮಾಡಿ. ನೀರು ಮಾಂಸವನ್ನು ಮುಳುಗಿಸುವಷ್ಟಿದ್ದರೆ ಸಾಕು. ನಿಮ್ಮದು ತೆಳುವಾಗಲು ಜಾಸ್ತಿ ನೀರೂ ಕಾರಣವಿರಬೇಕು. ಬಿರಿಯಾನಿ ಎಲೆ, ಕರಿಮೆಣಸು, ಉಪ್ಪು ಹಾಕಿ ಮುಚ್ಚಿಡಿ. ಎರಡು ಗಂಟೆ ತರಕಾರಿಯ ಸುದ್ದಿಗೇ ಹೋಗಬೇಡಿ. ಆಮೇಲೆ ಕ್ಯಾರೆಟ್, ಟರ್ನಿಪ್ ದಪ್ಪ ಹೋಳು, ಇನ್ನೊಂದು ಕಾಲು ಗಂಟೆ ಬಿಟ್ಟು ಆಲೂಗಡ್ಡೆ. ಬೀಟ್‌ರೂಟ್ ನಿಮ್ಮಿಷ್ಟ, ಆದರೆ ಇಡೀ ಪಾತ್ರೆ ಕೆಂಪಾದರೆ ಮತ್ತೆ ಪತ್ರ ಬರೆಯಬೇಡಿ! ಎಲ್ಲ ಬೆಂದ ಮೇಲೂ ರಸ ತೆಳುವಿದ್ದರೆ ನಾಲ್ಕು ಹೋಳು ಆಲೂಗಡ್ಡೆಯನ್ನು ಅಲ್ಲೇ ಮಸೆದುಬಿಡಿ, ಮೈದಾ ಬೇಕಿಲ್ಲ.

ಟೊಮೆಟೊ ಹಾಕಬಹುದೇ ಎಂದಿದ್ದೀರಿ. ಹಾಕಿ, ಆದರೆ ತರಕಾರಿ ಮೆತ್ತಗಾದ ಮೇಲೆ. ಹುಳಿ ಮೊದಲೇ ಬಿದ್ದರೆ ಆಲೂಗಡ್ಡೆ ಬೇಯಲು ಸತಾಯಿಸುತ್ತದೆ.

ಪ್ರೆಷರ್ ಕುಕ್ಕರ್ ಆದರೆ ಮಾಂಸವನ್ನಷ್ಟೇ 40 ನಿಮಿಷ ಬೇಯಿಸಿ, ಆವಿ ತಾನಾಗಿ ಇಳಿದ ಮೇಲೆ ತರಕಾರಿ ಹಾಕಿ ಮುಚ್ಚಳ ಬಿಗಿಯದೆ ಬೇಯಿಸಿಕೊಳ್ಳಿ.

ಇನ್ನು ಉಳಿದದ್ದನ್ನು ಫ್ರಿಜ್‌ನಲ್ಲಿಡುವ ಪ್ರಶ್ನೆ. ಇಡಿ, ಮರುದಿನ ರುಚಿ ಹೆಚ್ಚೇ. ಮೇಲೆ ಗಟ್ಟಿಯಾದ ಕೊಬ್ಬನ್ನು ಚಮಚದಿಂದ ಎತ್ತಿ ತೆಗೆಯುವುದೂ ಸುಲಭ. ಕೆಳಗಿನ ರಸ ಹೆಪ್ಪುಗಟ್ಟಿ ಅಲುಗಾಡುತ್ತಿದ್ದರೆ ಕೆಟ್ಟಿತೆಂದು ಚೆಲ್ಲಬೇಡಿ, ಅದು ಆ ಜೆಲಟಿನ್ನೇ.

– ಸಂ.