ಬಸ್ ಸ್ಟ್ಯಾಂಡ್ ಬಳಿ ಕೂತು ಬೂಟ್ ಪಾಲಿಶ್ ಮಾಡಲು ಗಟ್ಟಿಯಾದ ಪೆಟ್ಟಿಗೆ ಮಾಡುವುದು ಹೇಗೆ? (ಕಲಬುರಗಿ)

ತಳ 14×10 ಇಂಚು, ಗೋಡೆ 8 ಇಂಚು, ಕಾಲಿಡುವ ಹಲಗೆ ನೆಲದಿಂದ 11 ಇಂಚು ಎತ್ತರ ಇರಲಿ. ತಳ ಇದಕ್ಕಿಂತ ಕಿರಿದಾದರೆ ಗಿರಾಕಿ ಕಾಲೂರಿದಾಗ ಪೆಟ್ಟಿಗೆ ವಾಲುತ್ತದೆ.

12 ಎಂಎಂ ಪ್ಲೈವುಡ್ ಸಾಕು. ಸಾಗವಾನಿ ಚೆಂದವೇ, ಆದರೆ ಹೊತ್ತು ತಿರುಗುವ ಡಬ್ಬಿಗೆ ಅಷ್ಟು ಖರ್ಚು ಯಾಕೆ? ಹಸಿ ಬೇವು ಮಾತ್ರ ಬೇಡ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಕಡೆ ಅದು ಒಣಗಿ ಸೀಳುತ್ತದೆ, ಸಂದುಗಳು ಬಾಯಿ ಬಿಡುತ್ತವೆ.

ಮೊದಲು ಸಡಿಲವಾಗುವುದು ಕಾಲಿಡುವ ಹಲಗೆಯೇ. ಬ್ರಷ್ ಎಳೆದಾಡುವಾಗ ಅದು ಅಡ್ಡಡ್ಡ ಅಲುಗುತ್ತದೆ. ಬರೀ ಮೊಳೆ ಹೊಡೆದಿದ್ದರೆ ತೂತು ಅಗಲವಾಗುತ್ತಾ ಹೋಗುತ್ತದೆ. ಪ್ಲೈ ಅಂಚಿಗೆ ನೇರವಾಗಿ ಸ್ಕ್ರೂ ಹಾಕಿದರೂ ಪದರ ಬಿಚ್ಚುತ್ತದೆ. ಹೀಗೆ ಮಾಡಿ: ಚಿಕ್ಕ ಬದಿಯ ಎರಡೂ ಗೋಡೆಗಳನ್ನು ನಡುವೆ 3 ಇಂಚು ಅಗಲಕ್ಕೆ ಮೇಲೆ ಚಾಚಿಸಿ ಕತ್ತರಿಸಿ, ಒಳಗಡೆ ಗಟ್ಟಿ ಮರದ ತುಂಡು ಅಂಟಿಸಿ. ಸಣ್ಣ ತೂತು ಕೊರೆದು, 1 ಇಂಚು ದಪ್ಪದ ಹಲಗೆಯನ್ನು ಆ ತುಂಡಿಗೆ 2 ಇಂಚಿನ ಸ್ಕ್ರೂನಿಂದ ಬಿಗಿಯಿರಿ. ಕೆಳಗೆ ಉಳಿಯುವ ಸಂದಿನಲ್ಲಿ ಕೈ ತೂರಿಸಿ ಪೆಟ್ಟಿಗೆ ಎತ್ತಬಹುದು. ಹಿಮ್ಮಡಿ ಜಾರದಂತೆ ಅರ್ಧ ಇಂಚಿನ ಅಡ್ಡಪಟ್ಟಿ ಹೊಡೆಯಿರಿ.

ಹಲಗೆಯ ಎರಡೂ ಪಕ್ಕ ಕೀಲಿನ ಮುಚ್ಚಳ ಬೇಕೇ ಬೇಕು, ಬಿಸಿಲು ನೇರ ಬಿದ್ದರೆ ಪಾಲಿಶಿನ ಮೇಣ ಕರಗುತ್ತದೆ.