ಓದುಗರ ಪ್ರಶ್ನೆ: ಈ ವರ್ಷ ಹುಡುಗಿಯರ ಕಬಡ್ಡಿ ತಂಡ ಯಾಕಿಲ್ಲ?

ಪ್ರಶ್ನೆ: ಅಕ್ಕಾರ, ನಾನು ಧಾರವಾಡದ ಒಂದು ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷ ಓದುತ್ತಿದ್ದೇನೆ. ಊರು ನವಲಗುಂದದ ಹತ್ತಿರ. ಹೋದ ವರ್ಷ ನಮ್ಮ ಹುಡುಗಿಯರ ಕಬಡ್ಡಿ ತಂಡ ಅಂತರ ಕಾಲೇಜು ಟೂರ್ನಿಗೆ ಹೋಗಿ ಎರಡನೇ ಸುತ್ತಿನಲ್ಲಿ ಸೋತಿತ್ತು. ಈ ವರ್ಷ ತಂಡವನ್ನೇ ಕಳಿಸಲಿಲ್ಲ. ಹುಡುಗರ ಕಬಡ್ಡಿ, ಕ್ರಿಕೆಟ್, ವಾಲಿಬಾಲ್ ಎಲ್ಲಾ ಹೋದವು. ಕೇಳಿದರೆ "ಹುಡುಗಿಯರು ಎಲ್ಲಿ ಬರ್ತಾರೆ, ತಂಡ ಆಗೋದಿಲ್ಲ" ಅಂದರು. ನಾವು ಒಂಬತ್ತು ಜನ ತಯಾರಿದ್ದೆವು. ಕಾಲೇಜಿನವರು ಹುಡುಗಿಯರ ತಂಡ ಶುರು ಮಾಡೋದು, ನಿಲ್ಲಿಸೋದು ಯಾವ ಲೆಕ್ಕದ ಮೇಲೆ?
– ಹೆಸರು ಬೇಡ, ಧಾರವಾಡ

ಉತ್ತರ: ತಂಗಿ, ನಿನ್ನ ಪತ್ರ ಎರಡು ಸಲ ಓದಿದೆ. ಕಬಡ್ಡಿ ಅಂಕಣಕ್ಕೆ ಇಳಿಯೋದು ಏಳು ಜನ. ನೀವು ಒಂಬತ್ತು ಜನ ಇದ್ದಿರಿ. ಅಂದಮೇಲೆ ತಂಡ ಆಗೋದಿಲ್ಲ ಅನ್ನೋ ಮಾತು ಸರಿಯಲ್ಲ.

ನಾನು ಹುಬ್ಬಳ್ಳಿ, ಗದಗ ಕಡೆಯ ಕಾಲೇಜುಗಳಲ್ಲಿ ಇಪ್ಪತ್ತಾರು ವರ್ಷ ದೈಹಿಕ ಶಿಕ್ಷಣ ನಿರ್ದೇಶಕಿ ಆಗಿದ್ದೆ. ಹುಡುಗಿಯರ ತಂಡ ನಿಲ್ಲಿಸುತ್ತೇವೆ ಅಂತ ಯಾರೂ ಮೀಟಿಂಗ್ ಕರೆದು ಠರಾವು ಬರೆದದ್ದನ್ನು ಅಷ್ಟು ವರ್ಷದಲ್ಲಿ ಒಮ್ಮೆಯೂ ನೋಡಲಿಲ್ಲ. ಟೂರ್ನಿಗಳ ಎಂಟ್ರಿ ಫಾರ್ಮ್ ಬರುತ್ತದೆ. ಯಾವ ಆಟಕ್ಕೆ ಪುರುಷರ ತಂಡ, ಯಾವುದಕ್ಕೆ ಮಹಿಳೆಯರ ತಂಡ ಅಂತ ತುಂಬಬೇಕು. ಒಂದು ಸಾಲು ಖಾಲಿ ಬಿಟ್ಟರೆ ಮುಗಿಯಿತು, ಆ ವರ್ಷದ ತಂಡ ಹೋಯಿತು. ಮುಂದಿನ ವರ್ಷ "ಹೋದ ವರ್ಷವೂ ಕಳಿಸಿರಲಿಲ್ಲವಲ್ಲ" ಅನ್ನೋದೇ ಕಾರಣ. ಡಿಗ್ರಿ ಇರೋದೇ ಮೂರು ವರ್ಷ, ಹಾಗಾಗಿ ಎರಡು ವರ್ಷ ಸಾಲು ಖಾಲಿ ಬಿದ್ದರೆ ಆಡಿದವರು ಪಾಸಾಗಿ ಮನೆಗೆ ಹೋಗಿರುತ್ತಾರೆ, ಹೊಸದಾಗಿ ಬಂದ ಹುಡುಗಿಯರಿಗೆ ಇಲ್ಲೊಂದು ತಂಡ ಇತ್ತು ಅನ್ನೋದೇ ಗೊತ್ತಿರೋದಿಲ್ಲ.

ಸಾಲು ಖಾಲಿ ಬೀಳೋದು ಯಾಕೆ? ಎಲ್ಲರೂ ದುಡ್ಡು ಅಂತಾರೆ. ನನ್ನ ಅನುಭವದಲ್ಲಿ ಮೊದಲ ಕಾರಣ ದುಡ್ಡಲ್ಲ, ಜೊತೆಗೆ ಹೋಗುವವರು ಇಲ್ಲದಿರೋದು. ಹುಡುಗಿಯರ ತಂಡ ಬೇರೆ ಊರಿಗೆ ಹೊರಟರೆ ಒಬ್ಬ ಮಹಿಳಾ ಸಿಬ್ಬಂದಿ ಜೊತೆಗಿರಬೇಕು, ಅದು ಸರಿಯೇ. ಆದರೆ ಎಷ್ಟೋ ಕಾಲೇಜುಗಳಲ್ಲಿ ದೈಹಿಕ ಶಿಕ್ಷಣದ ಹುದ್ದೆಯೇ ಖಾಲಿ. ಇದ್ದರೂ ಬಹಳ ಕಡೆ ಗಂಡಸರು. ಆಗ ಕನ್ನಡದ ಮೇಡಂ, ಕಾಮರ್ಸ್ ಮೇಡಂ ಅಂತ ಒಬ್ಬೊಬ್ಬರನ್ನೇ ಕೇಳಬೇಕು. ಅವರಿಗೂ ಮನೆ, ಮಕ್ಕಳು. ಎರಡು ದಿನ ಬಿಟ್ಟು ಬರೋಕೆ ಆಗೋದಿಲ್ಲ ಅಂದರೆ ತಪ್ಪು ಅನ್ನೋಕಾಗಲ್ಲ.

ಎರಡನೆಯದು ಬಸ್ಸು. ಸಂಜೆ ನಾಲ್ಕೂವರೆಗೆ ಕ್ಲಾಸ್ ಬಿಡುತ್ತದೆ, ಪ್ರಾಕ್ಟೀಸ್ ಶುರುವಾಗೋದು ಆಗಲೇ. ಹಳ್ಳಿಯ ಹುಡುಗಿಗೆ ಊರಿನ ಬಸ್ಸು ಐದೂಕಾಲಿಗೆ, ಅದು ತಪ್ಪಿದರೆ ಮುಂದಿನದು ಏಳಕ್ಕೆ. ಮನೆಯಲ್ಲಿ ಏನು ಹೇಳುತ್ತಾರೆ ಅಂತ ನಿನಗೇ ಗೊತ್ತು. ಹುಡುಗ ಎಂಟಕ್ಕೆ ಹೋದರೂ ಕೇಳುವವರಿಲ್ಲ. "ಹುಡುಗಿಯರು ಬರೋದಿಲ್ಲ" ಅನ್ನುತ್ತಾರಲ್ಲ, ಅವರಲ್ಲಿ ಅರ್ಧ ಜನ ಬರೋಕೆ ಆಗದವರು. ನಾನು ಪ್ರಾಕ್ಟೀಸನ್ನು ಬೆಳಿಗ್ಗೆ ಮೊದಲ ಪಿರಿಯಡ್‌ಗೆ ಮುಂಚೆ ಇಟ್ಟ ವರ್ಷ ಹದಿನಾಲ್ಕು ಹುಡುಗಿಯರು ಬಂದರು. ಮಳೆಗಾಲ, ಮೈದಾನ ಎರೆ ಮಣ್ಣಿನದು. ಸುಣ್ಣದ ಗೆರೆ ಹಾಕಿದ ಹತ್ತು ನಿಮಿಷಕ್ಕೆ ಕೆಸರಲ್ಲಿ ಮುಳುಗುತ್ತಿತ್ತು. ಅಂಗಾಲಿಗೆ ಮೆತ್ತಿದ ಮಣ್ಣನ್ನು ಹಂಚಿನ ಚೂರಿನಿಂದ ಕೆರೆದುಕೊಂಡು, ನಳದ ಕೆಳಗೆ ಕಾಲು ತೊಳೆದು, ಟ್ರ್ಯಾಕ್ ಪ್ಯಾಂಟಿನ ಮೇಲೇ ಚೂಡಿ ಹಾಕಿಕೊಂಡು ಕ್ಲಾಸಿಗೆ ಓಡುತ್ತಿದ್ದರು. ಬಟ್ಟೆ ಬದಲಾಯಿಸೋಕೆ ಒಂದು ಕೋಣೆ ಇರಲಿಲ್ಲ. ಮೊಣಕಾಲಿನ ನೀ ಕ್ಯಾಪ್ ಇದ್ದದ್ದು ಮೂರು ಜೊತೆ. ರೇಡ್‌ಗೆ ಹೋಗುವವಳು ಕಟ್ಟಿಕೊಳ್ಳೋದು, ಬಂದು ಬಿಚ್ಚಿ ಮುಂದಿನವಳಿಗೆ ಕೊಡೋದು.

ಇನ್ನು ಮೂರನೆಯದು ವಿದ್ಯಾರ್ಥಿಗಳ ಕಿವಿಗೆ ಬೀಳದ ಲೆಕ್ಕ. ನ್ಯಾಕ್ ಅಂದರೆ ಕಾಲೇಜುಗಳಿಗೆ ದರ್ಜೆ ಕೊಡುವ ರಾಷ್ಟ್ರೀಯ ಸಂಸ್ಥೆ. ಅದರ ಮೌಲ್ಯಮಾಪನಕ್ಕೆ ಕಾಲೇಜುಗಳು ವರ್ಷಗಟ್ಟಲೆ ಬಳಸಿದ ಕೈಪಿಡಿಯಲ್ಲಿ, ವಿಶ್ವವಿದ್ಯಾಲಯ ಮಟ್ಟ ಮತ್ತು ಅದಕ್ಕಿಂತ ಮೇಲೆ ಗೆದ್ದ ಪದಕಗಳನ್ನು ಎಣಿಸುವ ಜಾಗವೊಂದಿದೆ. ತಂಡದ ಪ್ರಶಸ್ತಿಯನ್ನು ಒಂದೇ ಅಂತ ಎಣಿಸಬೇಕು ಅಂತಲೂ ಅಲ್ಲೇ ಬರೆದಿದೆ. ಅಂದರೆ ಹನ್ನೆರಡು ಹುಡುಗಿಯರನ್ನು ತಯಾರು ಮಾಡಿ ಕಬಡ್ಡಿ ಗೆದ್ದರೂ ಒಂದು, ಒಬ್ಬಳೇ ಓಡಿ ಗೆದ್ದರೂ ಒಂದು. ಲೆಕ್ಕ ಹಾಕುವ ಪ್ರಿನ್ಸಿಪಾಲರಿಗೆ ಯಾವುದು ಸುಲಭ ಕಾಣುತ್ತದೆ ಹೇಳು? ಇಬ್ಬರು ಓಟಗಾರ್ತಿಯರನ್ನು ಕಳಿಸಿದರೆ ಹುಡುಗಿಯರೂ ಭಾಗವಹಿಸಿದರು ಅಂತ ವರದಿ ಆಯಿತು, ಪದಕ ಬಂದರೆ ಎರಡು ಅಂಕಿಯೂ ಸಿಕ್ಕಿತು. ಹುಡುಗರ ತಂಡಕ್ಕೂ ಇದೇ ಲೆಕ್ಕ ಅನ್ನಬಹುದು, ನಿಜ. ಆದರೆ ಹುಡುಗರ ತಂಡ ಬಿಟ್ಟರೆ ಆಫೀಸಿನ ಮುಂದೆ ಗಲಾಟೆ ಆಗುತ್ತದೆ, ಹುಡುಗಿಯರದ್ದು ಬಿಟ್ಟರೆ ಆಗೋದಿಲ್ಲ. ನನಗೆ ಸಿಟ್ಟು ಬರೋದು ಇದಕ್ಕೇ.

ದುಡ್ಡಿನ ಮಾತಿಗೂ ಬರೋಣ. ಜೂನ್ 11, 2023ರಿಂದ ಶಕ್ತಿ ಯೋಜನೆ ಬಂದಿದೆ. ವಾಯವ್ಯ ಸಾರಿಗೆಯ ಸಾಮಾನ್ಯ ಬಸ್ಸಿನಲ್ಲಿ ಹುಡುಗಿಯರಿಗೆ ಟಿಕೆಟ್ ಇಲ್ಲ. ಹುಬ್ಬಳ್ಳಿಯಿಂದ ಗದಗಿಗೆ ಹನ್ನೆರಡು ಹುಡುಗಿಯರ ತಂಡ ಹೋಗಿ ಬಂದರೆ ಬಸ್ ಖರ್ಚು ಸೊನ್ನೆ, ಜೊತೆಗೆ ಹೋದ ಮೇಡಂ ಅವರದ್ದೂ ಸೊನ್ನೆ. ಹುಡುಗರ ತಂಡಕ್ಕೆ ಪ್ರತಿ ಟಿಕೆಟ್‌ಗೂ ದುಡ್ಡು. ಖರ್ಚಾಗುತ್ತದೆ ಅನ್ನುವವರ ಮುಂದೆ ಈ ಲೆಕ್ಕ ಇಡು. ಅಡ್ಮಿಷನ್ ದಿನ ಆಟೋಟಕ್ಕೆ ಜಿಮಖಾನಾ ಫೀ ಅಂತ ಕಟ್ಟಿದ್ದೀಯಲ್ಲ, ಹುಡುಗಿ ಅಂತ ಅದರಲ್ಲಿ ಒಂದು ರೂಪಾಯಿ ಕಡಿಮೆ ತಗೊಂಡಿರೋದಿಲ್ಲ.

ಒಂದು ಮಾತು ಹೇಳಲೇಬೇಕು. ನಾನೂ ಒಂದು ವರ್ಷ ಆ ಸಾಲನ್ನು ಖಾಲಿ ಬಿಟ್ಟಿದ್ದೇನೆ. ಅತ್ತೆಗೆ ಹುಷಾರಿರಲಿಲ್ಲ, ಜೊತೆಗೆ ಹೋಗೋಕೆ ಬೇರೆ ಯಾರೂ ಒಪ್ಪಲಿಲ್ಲ, ಹುಡುಗಿಯರ ಖೋ ಖೋ ಬಿಟ್ಟೆ. ಅಂತಿಮ ವರ್ಷದ ಒಬ್ಬಳು ಬಂದು ಮೇಜಿನ ಹತ್ತಿರ ನಿಂತು, "ಮೇಡಂ, ನನಗೆ ಮುಂದಿನ ವರ್ಷ ಇಲ್ಲ" ಅಂದಳು. ಅಷ್ಟೇ ಅಂದದ್ದು. ಆ ವರ್ಷ ಅವಳು ಯುನಿವರ್ಸಿಟಿ ಬ್ಲೂ, ಅಂದರೆ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದವಳು, ಆಗಬಹುದಿತ್ತು. ಆಮೇಲೆ ನಾನು ಯಾವತ್ತೂ ಸಾಲು ಖಾಲಿ ಬಿಡಲಿಲ್ಲ. ಆದರೆ ಅವಳಿಗೆ ಅದರಿಂದ ಏನು ಬಂತು?

ನೀನು ಈಗ ಮಾಡಬೇಕಾದದ್ದು ಇಷ್ಟು. ಒಂಬತ್ತನ್ನು ಹನ್ನೆರಡು ಮಾಡು. ಬರುವ ವರ್ಷ ಕಾಲೇಜು ಶುರುವಾದ ಮೊದಲ ವಾರವೇ, ಫಾರ್ಮ್ ಬರುವ ಮುಂಚೆ, ಹನ್ನೆರಡು ಜನರ ಹೆಸರು, ಕ್ಲಾಸು, ಸಹಿ ಹಾಕಿ ಪ್ರಿನ್ಸಿಪಾಲರಿಗೆ ಅರ್ಜಿ ಕೊಡಿ. ಇನ್ನೊಂದು ಪ್ರತಿಯ ಮೇಲೆ ಆಫೀಸಿನ ಸೀಲು ಹಾಕಿಸಿಕೊಳ್ಳಿ. ಜೊತೆಗೆ ಬರೋಕೆ ಒಪ್ಪಿದ ಮೇಡಂ ಹೆಸರನ್ನೂ ನೀವೇ ಕೇಳಿ ಬರೆಯಿರಿ, ಆಗ ಅರ್ಧ ನೆಪ ಅಲ್ಲೇ ಮುಗಿಯುತ್ತದೆ. ಬಾಯಲ್ಲಿ ಕೇಳಿದ್ದು ಮರೆತುಹೋಗುತ್ತದೆ, ಸೀಲು ಬಿದ್ದದ್ದಕ್ಕೆ ಉತ್ತರ ಕೊಡಬೇಕಾಗುತ್ತದೆ. ಅದು ಸರ್ಕಾರಿ ಕಾಲೇಜಾದರೆ ಜಿಮಖಾನಾ ಹಣದಲ್ಲಿ ಹುಡುಗಿಯರ ಆಟಕ್ಕೆ ಎಷ್ಟು ಖರ್ಚಾಯಿತು ಅಂತ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಅದನ್ನು ಕೊನೆಗೆ ಇಟ್ಟುಕೋ.

ಪ್ರಶ್ನೆ: ಅಮೆರಿಕದಲ್ಲಿ ಹುಡುಗಿಯರ ತಂಡ ತೆಗೆದರೆ ಕಾಲೇಜನ್ನೇ ಕೋರ್ಟಿಗೆ ಎಳೆಯಬಹುದಂತೆ, ಹೌದಾ? ನಮ್ಮಲ್ಲಿ ಯಾಕಿಲ್ಲ?
– ಉಪನ್ಯಾಸಕರೊಬ್ಬರು, ಹಾವೇರಿ

ಉತ್ತರ: ಹೌದು ಸರ್. ಅಲ್ಲಿ 1972ರಲ್ಲಿ ಟೈಟಲ್ ನೈನ್ ಅನ್ನುವ ಕಾನೂನು ಬಂತು. ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆ ಹೆಣ್ಣು ಗಂಡು ಅಂತ ಭೇದ ಮಾಡಬಾರದು ಅನ್ನೋದು ಅದರ ಸಾರ. ಆಟಕ್ಕೂ ಅದು ಅನ್ವಯ. 1979ರಲ್ಲಿ ಮೂರು ದಾರಿ ಗೊತ್ತು ಮಾಡಿದರು: ಕಾಲೇಜಿನಲ್ಲಿ ಹುಡುಗಿಯರು ಎಷ್ಟು ಪಾಲು ಇದ್ದಾರೋ ಆಟಗಾರರಲ್ಲೂ ಹತ್ತಿರ ಹತ್ತಿರ ಅಷ್ಟು ಪಾಲು ಇರಬೇಕು, ಇಲ್ಲವೇ ಹುಡುಗಿಯರ ಆಟಗಳನ್ನು ಹೆಚ್ಚಿಸುತ್ತಲೇ ಬಂದಿರಬೇಕು, ಇಲ್ಲವೇ ಅವರ ಆಸಕ್ತಿಗೆ ಪೂರ್ತಿ ಅವಕಾಶ ಕೊಟ್ಟಿದ್ದೇವೆ ಅಂತ ತೋರಿಸಬೇಕು. ಬ್ರೌನ್ ವಿಶ್ವವಿದ್ಯಾಲಯ 1991ರಲ್ಲಿ ಹಣ ಉಳಿಸೋಕೆ ಹುಡುಗಿಯರ ವಾಲಿಬಾಲ್, ಜಿಮ್ನಾಸ್ಟಿಕ್ಸ್ ಎರಡನ್ನೂ ತಾನು ಖರ್ಚು ಕೊಡುವ ತಂಡಗಳ ಪಟ್ಟಿಯಿಂದ ಕೆಳಗಿಳಿಸಿತು. ಹುಡುಗರ ಎರಡು ಆಟಗಳನ್ನೂ ಇಳಿಸಿತ್ತು, ಅದಕ್ಕೆ ಎರಡೂ ಕಡೆ ಸಮ ಅಂದಿತು. ಹುಡುಗಿಯರು ಕೋರ್ಟಿಗೆ ಹೋಗಿ ಗೆದ್ದರು.

ಹೊಸ ತಂಡ ಸೇರಿಸುವಾಗಲೂ ಅಲ್ಲಿ ತಲೆ ಎಣಿಕೆ ನಡೆಯುತ್ತದೆ. ಅವರ ಫುಟ್‌ಬಾಲ್ (ನಮ್ಮದಲ್ಲ, ಚೆಂಡು ಕೈಯಲ್ಲಿ ಹಿಡಿದು ಓಡುವ ಆಟ) ತಂಡ ಒಂದರಲ್ಲೇ ನೂರಕ್ಕೂ ಜಾಸ್ತಿ ಹುಡುಗರು, ಅದನ್ನು ಸರಿದೂಗಿಸೋಕೆ ಒಂದೇ ಸಲ ಹೆಚ್ಚು ಹುಡುಗಿಯರು ಬೇಕಾಗುವ ದೋಣಿ ಹುಟ್ಟು ಹಾಕುವ ಆಟವನ್ನು ಎಷ್ಟೋ ಕಾಲೇಜುಗಳು ಶುರು ಮಾಡಿದವು. ಇದರಲ್ಲಿ ಲೆಕ್ಕ ಮುಟ್ಟಿಸುವ ಆತುರವೂ ಇದೆ, ಒಪ್ಪುತ್ತೇನೆ. ಆದರೆ ಕಾನೂನಿಗೆ ಮುಂಚೆ ಅಲ್ಲಿನ ಹೈಸ್ಕೂಲುಗಳಲ್ಲಿ ಆಡುವ ಹುಡುಗಿಯರು ಮೂರು ಲಕ್ಷದೊಳಗೆ ಇದ್ದರು, ಈಗ ಮೂವತ್ತು ಲಕ್ಷ ದಾಟಿದ್ದಾರೆ. ನಮ್ಮಲ್ಲಿ ಕಾಲೇಜು ಆಟಕ್ಕೆ ಹೀಗೆ ಎಣಿಸುವ ಕಾನೂನು ಇಲ್ಲ. ನೀವು ಉಪನ್ಯಾಸಕರು. ನಿಮ್ಮ ಕಾಲೇಜಿನಲ್ಲಿ ಹುಡುಗಿಯರು ಎಷ್ಟು, ಟೂರ್ನಿಗೆ ಹೋದವರಲ್ಲಿ ಹುಡುಗಿಯರು ಎಷ್ಟು, ಈ ಎರಡು ಅಂಕಿ ಬರೆದು ಸ್ಟಾಫ್ ಮೀಟಿಂಗಿನಲ್ಲಿ ಓದಿ. ಅದಕ್ಕೆ ಕಾನೂನು ಬೇಕಿಲ್ಲ ಅಲ್ವಾ?

ಪ್ರಶ್ನೆ: ಮಗಳ ಕಾಲೇಜಿನಲ್ಲಿ ಈ ವರ್ಷ ಹುಡುಗಿಯರ ಖೋ ಖೋ ತಂಡ ಹೊಸದಾಗಿ ಕಟ್ಟಿದ್ದಾರೆ. ಇಷ್ಟು ದಿನ ಇಲ್ಲದ್ದು ಈಗ ಯಾಕೆ? ಕಳಿಸಲೋ ಬೇಡವೋ?
– ಒಬ್ಬ ತಂದೆ, ಗದಗ

ಉತ್ತರ: ಕಳಿಸಿರಿ. ಯಾಕೆ ಈಗ ಅಂದರೆ, ದಾರಿ ಕಾಣತೊಡಗಿದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದು ನಮ್ಮ ಮಹಿಳೆಯರು ಗೆದ್ದರು. ಮಹಿಳಾ ಕಬಡ್ಡಿ 2010ರಿಂದ ಏಷ್ಯನ್ ಗೇಮ್ಸ್‌ನಲ್ಲಿದೆ. ಹುಬ್ಬಳ್ಳಿಯಲ್ಲೇ ಕೇಂದ್ರ ಕಚೇರಿ ಇರುವ ನೈಋತ್ಯ ರೈಲ್ವೆ ಕ್ರೀಡಾ ಕೋಟಾದಲ್ಲಿ ನೇಮಕ ಮಾಡುತ್ತದೆ. ಇದನ್ನೆಲ್ಲ ಕಾಲೇಜಿನವರೂ ನೋಡುತ್ತಾರೆ. ಹುಡುಗಿಯರ ಅಡ್ಮಿಷನ್ ಬೇಕು ಅನ್ನೋದೂ ಇರುತ್ತದೆ, ಇರಲಿ ಬಿಡಿ. ಗದಗಿನಲ್ಲಿ ನಿಮಗೆ ನಾನು ಹೇಳಬೇಕಾ, ಹುಡುಗಿಯರು ಸೈಕಲ್ ಹತ್ತಿ, ಕುಸ್ತಿ ಆಡಿ ಹೆಸರು ಮಾಡಿದ್ದನ್ನು ನೀವೇ ನೋಡಿದ್ದೀರಿ. ಅಲ್ಲಿ ಕೋಚ್ ಇದ್ದರು, ಉಳಿಯೋಕೆ ಹಾಸ್ಟೆಲ್ ಇತ್ತು, ಆಟ ಬೆಳೆಯಿತು.

ನೀವು ಹೋಗಿ ಮೂರು ವಿಷಯ ವಿಚಾರಿಸಿ: ಪ್ರಾಕ್ಟೀಸ್ ಎಷ್ಟು ಹೊತ್ತಿಗೆ ಮುಗಿಯುತ್ತದೆ, ಬಟ್ಟೆ ಬದಲಾಯಿಸೋಕೆ ಕೋಣೆ ಇದೆಯಾ, ಹೊರಗೆ ಹೋದಾಗ ಜೊತೆಗೆ ಯಾವ ಮೇಡಂ ಇರುತ್ತಾರೆ. ಸಂಜೆ ತಡವಾದರೆ ವಾರಕ್ಕೆ ಎರಡು ದಿನ ನೀವೇ ಬೈಕ್ ತಗೊಂಡು ಹೋಗಿ ಕರೆದುಕೊಂಡು ಬನ್ನಿ. ಅರ್ಧ ಗಂಟೆ ಮುಂಚೆ ಹೋದರೆ ಅವಳು ಓಡೋದನ್ನೂ ನೋಡಬಹುದು.