ಓದುಗರ ಪ್ರಶ್ನೆ: ಮನೆಮಂದಿಯೊಂದಿಗೆ ಪದ್ಮನಾಭಪುರಂ ಅರಮನೆಗೆ

ಪ್ರಶ್ನೆ: ಡಿಸೆಂಬರ್ ಕೊನೆಯ ವಾರ ಕನ್ಯಾಕುಮಾರಿಗೆ ಹೊರಟಿದ್ದೇವೆ. ತಿರುವನಂತಪುರದಿಂದ ಹೋಗುವ ದಾರಿಯಲ್ಲಿ ಪದ್ಮನಾಭಪುರಂ ಅರಮನೆಗೆ ಒಂದು ಗಂಟೆ ಇಟ್ಟುಕೊಂಡರೆ ಸಾಕೇ? ಜೊತೆಗೆ ಮಂಡಿನೋವಿರುವ ಅತ್ತೆ, ಆರು ಮತ್ತು ಹನ್ನೊಂದು ವರ್ಷದ ಮಕ್ಕಳು ಇರುತ್ತಾರೆ. ಗೈಡ್ ಮಾತು ನಮಗೆ ಅರ್ಥವಾದೀತೇ?
– ಓದುಗರು, ಹಾವೇರಿ

ಉತ್ತರ: ಒಂದು ಗಂಟೆ ಸಾಲದು. ಕನಿಷ್ಠ ಎರಡು ಗಂಟೆ ಬೇಕು. ಒಳಗಿನ ದಾರಿ ಒಂದೇ ದಿಕ್ಕಿನದು; ಮುಂದಿನ ಕೋಣೆಗೆ ದಾಟಿದ ಮೇಲೆ ಹಿಂದಿನದನ್ನು ಇನ್ನೊಮ್ಮೆ ನೋಡಿ ಬರುತ್ತೇವೆ ಎಂದರೆ ಬಿಡುವುದಿಲ್ಲ. ಹಾಗಾಗಿ ಅವಸರ ಮಾಡಿದವರಿಗೆ ನಷ್ಟ.

ಮೊದಲು ವಾರ ನೋಡಿಕೊಳ್ಳಿ. ಸೋಮವಾರ ರಜೆ. ಊರು ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಯದು, ಆದರೆ ಅರಮನೆ ಕೇರಳ ಪುರಾತತ್ವ ಇಲಾಖೆಯದು. ಆದ್ದರಿಂದ ರಜೆ, ಸಮಯಗಳನ್ನು ಕೇರಳದ ಕಡೆಯಿಂದಲೇ ಖಚಿತಪಡಿಸಿಕೊಳ್ಳಿ. ಸಾಮಾನ್ಯವಾಗಿ ಬೆಳಿಗ್ಗೆ 9ಕ್ಕೆ ತೆರೆದು, ಮಧ್ಯಾಹ್ನ 1ರಿಂದ 2ರವರೆಗೆ ಮುಚ್ಚಿ, ಸಂಜೆ 4.30ರ ಹೊತ್ತಿಗೆ ಟಿಕೆಟ್ ನಿಲ್ಲಿಸುತ್ತಾರೆ. ಹನ್ನೆರಡೂವರೆಗೆ ಹೋಗಿ ನಿಲ್ಲುವುದೇ ಬಹಳ ಜನ ಮಾಡುವ ತಪ್ಪು. ಡಿಸೆಂಬರ್ ಕೊನೆಗೆ ಶಾಲೆಗಳ ಪ್ರವಾಸ, ಶಬರಿಮಲೆಯಿಂದ ಕನ್ಯಾಕುಮಾರಿಗೆ ಹೋಗುವ ಯಾತ್ರಿಕರು ಎರಡೂ ಒಟ್ಟಿಗೆ ಸೇರುವುದರಿಂದ ಒಂಬತ್ತಕ್ಕೇ ಬಾಗಿಲಲ್ಲಿರುವುದು ಒಳ್ಳೆಯದು. ತಿರುವನಂತಪುರದಿಂದ ಸುಮಾರು 55 ಕಿ.ಮೀ. ಹೆದ್ದಾರಿಯ ಮೇಲಿನ ತಕ್ಕಲೈಯಿಂದ ಒಳಗೆ ತಿರುಗಬೇಕು. ಅಲ್ಲಿಂದ ಎರಡು ಕಿ.ಮೀ. ಅಷ್ಟೇ, ಆದರೆ ರಸ್ತೆಯಲ್ಲಿ ಸದಾ ವಾಹನ ದಟ್ಟಣೆ. ಪ್ರಯಾಣಕ್ಕೇ ಎರಡು ಗಂಟೆ ಕೈಯಲ್ಲಿಟ್ಟುಕೊಂಡು ಹೊರಡಿ.

ಚಪ್ಪಲಿ ಹೊರಗೇ ಬಿಡಬೇಕು. ಬಿಸಿಲೇರಿದ ಮೇಲೆ ಅಂಗಳದ ಕಲ್ಲುಚಪ್ಪಡಿ ಮಕ್ಕಳ ಕಾಲು ಸುಡುತ್ತದೆ, ಕಾಲುಚೀಲ ಇಟ್ಟುಕೊಳ್ಳಿ. ಒಳಗಿನ ಕಪ್ಪು ನೆಲ ಕನ್ನಡಿಯಂತೆ ನುಣುಪು, ಅಲ್ಲಿ ಕಾಲುಚೀಲ ಹಾಕಿಕೊಂಡು ನಡೆದರೆ ಜಾರುವುದು ಖಂಡಿತ. ಒಳಗೆ ಹೋದೊಡನೆ ತೆಗೆಸಿ.

ಇನ್ನು ಗೈಡ್. ಇಲ್ಲಿ ಒಬ್ಬರೇ ಗೈಡ್ ನಿಮ್ಮ ಜೊತೆ ಕೊನೆಯವರೆಗೂ ಬರುವುದಿಲ್ಲ. ಒಂದೊಂದು ಭಾಗದಲ್ಲಿ ಒಬ್ಬೊಬ್ಬರು ನಿಂತಿರುತ್ತಾರೆ, ಜನ ಸೇರಿದಂತೆ ಆ ಜಾಗದ ವಿವರ ಹೇಳಿ ಮುಂದಕ್ಕೆ ಕಳಿಸುತ್ತಾರೆ. ಮಾತು ಹೆಚ್ಚಾಗಿ ಮಲಯಾಳ, ತಮಿಳು ಅಥವಾ ಇಂಗ್ಲಿಷ್. ಗುಂಪಿನ ಬಾಲದಲ್ಲಿ ಸೇರಿಕೊಂಡರೆ ಅರ್ಧ ಮಾತು ಕೇಳಿಸುವುದಿಲ್ಲ. ಆ ಗುಂಪನ್ನು ಮುಂದೆ ಬಿಟ್ಟು ನಿಲ್ಲಿ, ಮುಂದಿನ ತಂಡ ಬಂದಾಗ ವಿವರಣೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಹನ್ನೊಂದರ ಮಗುವಿಗೆ ಇಂಗ್ಲಿಷ್ ತಿಳಿದರೆ ಅದರಿಂದಲೇ ಅಜ್ಜಿಗೆ ಕನ್ನಡದಲ್ಲಿ ಹೇಳಿಸಿ.

ಒಳಗೆ ಕಾಲಿಡುವ ಮುನ್ನ ಇಷ್ಟು ತಿಳಿದಿದ್ದರೆ ಗೈಡ್ ಮಾತು ಹಿಡಿಯುವುದು ಸುಲಭ. ಇದು ತಿರುವಾಂಕೂರು ಅರಸರ ಮನೆ. ಈಗ ಕಾಣುವ ರೂಪದ ಬಹುಪಾಲು ಮಾರ್ತಾಂಡವರ್ಮನ ಕಾಲದ್ದು. 1741ರಲ್ಲಿ ಕೊಳಚಲ್‌ನಲ್ಲಿ ಡಚ್ಚರನ್ನು ಸೋಲಿಸಿದವನು ಆತನೇ. 1750ರಲ್ಲಿ ರಾಜ್ಯವನ್ನೇ ಪದ್ಮನಾಭಸ್ವಾಮಿಗೆ ಒಪ್ಪಿಸಿ ದೇವರ ದಾಸನಾಗಿ ಆಳಿದ. ರಾಜಧಾನಿ ತಿರುವನಂತಪುರಕ್ಕೆ ಹೋದದ್ದು 18ನೆಯ ಶತಮಾನದ ಕೊನೆಗೆ.

ಬಾಗಿಲಿನ ಪೂಮುಖದಲ್ಲಿ, ಅಂದರೆ ಪ್ರವೇಶದ ಮೊಗಸಾಲೆಯಲ್ಲಿ, ತಲೆಯೆತ್ತಿ ನಿಲ್ಲಿ. ಮರದ ಮಾಡಿನಲ್ಲಿ ಕೆತ್ತಿದ ಹೂಗಳು 90, ಒಂದರಂತೆ ಇನ್ನೊಂದಿಲ್ಲ ಎನ್ನುತ್ತಾರೆ. ಚಿಕ್ಕವನಿಗೆ 'ಒಂದೇ ಥರದ ಎರಡು ಹೂ ಹುಡುಕು' ಎಂದು ಹೇಳಿ ನೋಡಿ, ಕೈ ಬಿಟ್ಟು ಓಡುವುದಿಲ್ಲ. ಅಲ್ಲೇ ತೂಗುವ ಕುದುರೆ ಸವಾರನ ದೀಪವನ್ನು ಗೈಡ್ ತಿರುಗಿಸಿ ತೋರಿಸಿದರೆ ಸರಪಳಿಯ ಕೊಂಡಿಗಳನ್ನು ಗಮನಿಸಿ. ಯಾವ ಕಡೆಗೆ ತಿರುಗಿಸಿದರೂ ದೀಪ ಆ ಕಡೆಗೇ ನಿಲ್ಲುತ್ತದೆ. ಮೇಲಿನ ಮಂತ್ರಶಾಲೆಯಲ್ಲಿ (ಅರಸರ ಮಂತ್ರಾಲೋಚನೆಯ ಸಭಾಕೋಣೆ) ಕಿಟಕಿಗೆ ಬಣ್ಣದ ಕಾಗೆಬಂಗಾರದ ಹಾಳೆ. ಬೆಳಕು ತಣ್ಣಗೆ ಬೀಳುತ್ತದೆ. ಓರೆಯಾಗಿ ಕೂಡಿಸಿದ ಮರದ ಪಟ್ಟಿಗಳ ನಡುವೆ ಗಾಳಿ ಬರುತ್ತದೆ, ಒಳಗಿದ್ದವರಿಗೆ ಹೊರಗು ಕಾಣುತ್ತದೆ, ಹೊರಗಿನವರಿಗೆ ಒಳಗು ಕಾಣುವುದಿಲ್ಲ. ಫ್ಯಾನಿಲ್ಲದ ಕಾಲದಲ್ಲಿ ಕರಾವಳಿಯ ಸೆಕೆಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಅಲ್ಲಿ ಐದು ನಿಮಿಷ ನಿಂತೇ ನೋಡಬೇಕು.

ತಾಯಿಕೊಟ್ಟಾರಂ, ಅಂದರೆ ತಾಯಿಯ ಅರಮನೆ, ಇಲ್ಲಿನ ಅತಿ ಹಳೆಯ ಭಾಗ. ನಮ್ಮ ತೊಟ್ಟಿಮನೆ ಕಂಡವರಿಗೆ ಅದು ಹೊಸದಲ್ಲ: ನಡುವೆ ಅಂಗಳ, ನಾಲ್ಕೂ ಮಾಡುಗಳ ಮಳೆನೀರು ಅಲ್ಲಿಗೇ. ಅಲ್ಲಿನ ಹಲಸಿನ ಮರದ ಕೆತ್ತನೆಯ ಕಂಬವನ್ನು ಬಿಟ್ಟು ಮುಂದೆ ಹೋಗಬೇಡಿ. ಊಟದ ಹಜಾರ ಎರಡು ಅಂತಸ್ತು, ಬಹಳ ಉದ್ದ. ಮಕ್ಕಳಿಗೆ ಅದರ ಉದ್ದವೇ ಬೆರಗು. ಚಿತ್ರಗಳಿರುವ ಮೊಗಸಾಲೆಯಲ್ಲಿ ಬೇಗ ಹಾದು ಹೋದರೂ ತೊಂದರೆಯಿಲ್ಲ.

ಅತ್ತೆಯವರ ವಿಷಯ ಮುಖ್ಯ. ಮೆಟ್ಟಿಲುಗಳು ಮರದವು, ಕಡಿದು, ಇಕ್ಕಟ್ಟು. ಬಾಗಿಲುಗಳು ತಗ್ಗು, ತಲೆಗೆ ಪೆಟ್ಟು ಬೀಳುವುದು ಎತ್ತರದವರಿಗೇ. ಪೂಮುಖ ದಾಟಿದ ಕೂಡಲೇ ಹತ್ತುವುದು ಶುರು, ಹಿಂದೆ ಜನರ ಸಾಲು ಇರುವುದರಿಂದ ನಡುವೆ ಇಳಿಯಲು ಆಗದು. ಮಂಡಿ ಮಡಚಲು ಕಷ್ಟವೆಂದರೆ ಪೂಮುಖ ತೋರಿಸಿ, ಅಂಗಳದಲ್ಲಿ ನೆರಳಿಗೆ ಕೂರಿಸಿ. ಹೊರಗಿನಿಂದ ಗಡಿಯಾರ ಗೋಪುರವೂ ಕಾಣುತ್ತದೆ. ನೆಲಮಟ್ಟದಲ್ಲಿ ಇನ್ನೇನು ನೋಡಬಹುದು ಎಂದು ಟಿಕೆಟ್ ಕೊಡುವಾಗಲೇ ಸಿಬ್ಬಂದಿಯನ್ನು ಕೇಳಿ. ಹತ್ತುತ್ತೇನೆ ಎಂದರೆ ಇಳಿಯುವಾಗ ಏಣಿ ಇಳಿಯುವ ಹಾಗೆ ಮೆಟ್ಟಿಲ ಕಡೆಗೆ ಮುಖ ಮಾಡಿ ಇಳಿಯಲಿ, ಕೆಳಗಿನ ಮೆಟ್ಟಿಲಲ್ಲಿ ಒಬ್ಬರು ನಿಲ್ಲಿ. ಮೇಲಂತಸ್ತಿನ ಪೂಜಾಕೋಣೆಯ ಭಿತ್ತಿಚಿತ್ರಗಳ ಆಸೆ ಇಟ್ಟುಕೊಳ್ಳಬೇಡಿ. ಸಾಮಾನ್ಯವಾಗಿ ಆ ಭಾಗ ತೆರೆದಿರುವುದಿಲ್ಲ.

ಪ್ರಶ್ನೆ: ಆ ಅರಮನೆಯ ಕಪ್ಪು ನೆಲಕ್ಕೆ ಮೊಟ್ಟೆಯ ಬಿಳಿ ಹಾಕಿದ್ದಾರಂತೆ. ನಿಜವೇ? ಹೊಸ ಮನೆಗೆ ಅಂಥ ನೆಲ ಮಾಡಿಸಬಹುದೇ?
– ಓದುಗರು, ಸಾಗರ

ಉತ್ತರ: ಗೈಡ್ ಹೇಳುವ ಪಾಕ ಇದು: ಸುಟ್ಟ ತೆಂಗಿನ ಚಿಪ್ಪಿನ ಇದ್ದಿಲು, ಸುಣ್ಣ, ಮರಳು, ಮೊಟ್ಟೆಯ ಬಿಳಿ, ಗಿಡಗಳ ರಸ. ಕಪ್ಪು ಬಣ್ಣ ಇದ್ದಿಲಿನದು, ಗಟ್ಟಿತನ ಸುಣ್ಣದ್ದು. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಕಲ್ಲಾಗುತ್ತದೆ. ಮೊಟ್ಟೆಯ ಪ್ರೊಟೀನು ಗಾರೆಯನ್ನು ಬಿಗಿಯಾಗಿಸಿ ನೀರು ಇಂಗುವುದನ್ನು ಕಡಿಮೆ ಮಾಡುತ್ತದೆ. ಹೊಳಪು ಬರುವುದು ಮಾತ್ರ ಉಜ್ಜಿ ಉಜ್ಜಿಯೇ.

ಅದೇ ಪಾಕ ಮಾಡಿಕೊಡುವ ಕೈ ಸಿಗುವುದು ಕಷ್ಟ. ಹತ್ತಿರದ ದಾರಿ ಆಕ್ಸೈಡ್ ನೆಲ: ಕೆಂಪಿನ ಬದಲು ಕಪ್ಪು. ಬಣ್ಣ ಸಿಮೆಂಟಿನ ತೂಕದ ಶೇ 10 ಮೀರಬಾರದು, ಮೀರಿದರೆ ಮೇಲ್ಪದರ ದುರ್ಬಲವಾಗಿ ಪುಡಿ ಏಳುತ್ತದೆ. ಇಡೀ ಮನೆಗೆ ಬೇಕಾದ ಬಣ್ಣ ಮತ್ತು ಸಿಮೆಂಟನ್ನು ಒಣಗಿದ್ದಾಗಲೇ ಒಟ್ಟಿಗೆ ಬೆರೆಸಿಡಿ. ಕೋಣೆಗೊಮ್ಮೆ ಬೆರೆಸಿದರೆ ಕೋಣೆಗೊಂದು ಕಪ್ಪು ಕಾಣುತ್ತದೆ. ದೊಡ್ಡ ಹಜಾರವನ್ನು ಪಟ್ಟಿ ಹಾಕಿ ಚೌಕಗಳಾಗಿ ಒಡೆಯದಿದ್ದರೆ ಬಿರುಕು ತಪ್ಪದು. ಗಟ್ಟಿಯಾದ ಮೇಲೆ ಕನಿಷ್ಠ ಏಳು ದಿನ ಒದ್ದೆಯಾಗಿಡಿ, ಬಿಸಿಲು ಬೀಳದಿರಲಿ. ಕಪ್ಪು ನೆಲದ ಶತ್ರು ಬಿಳಿ ಕಲೆ. ಅದು ಒಳಗಿನ ಸುಣ್ಣದಂಶ ನೀರಿನೊಡನೆ ಮೇಲೆ ಬಂದು ಒಣಗಿದ್ದು. ಆದ್ದರಿಂದ ನೆಲದಡಿಯಿಂದ ತೇವ ಏರುವ ಮನೆಗೆ ಇದು ಬೇಡ. ಮಲೆನಾಡಿನ ಮಳೆಗೆ ಮೊದಲು ಅಡಿಪಾಯದ ತೇವ ತಡೆಗೆ ಖರ್ಚು ಮಾಡಿ.

ಪ್ರಶ್ನೆ: ಅರಸರ ಔಷಧಿ ಮರದ ಮಂಚ ನೋಡಲು ಸಿಗುತ್ತದೆಯೇ? ಹತ್ತಿರ ಬೇರೇನಿದೆ?
– ಓದುಗರು, ತುಮಕೂರು

ಉತ್ತರ: ಸಿಗುತ್ತದೆ, ಮುಟ್ಟುವಂತಿಲ್ಲ. 64 ಬಗೆಯ ಮರ ಎಂದು ಕೆಲವರು, 67 ಎಂದು ಕೆಲವರು ಹೇಳುತ್ತಾರೆ. ಡಚ್ಚರ ಕಾಣಿಕೆ ಎಂಬುದು ವಾಡಿಕೆಯ ಮಾತು. ಕೊಳಚಲ್‌ನಲ್ಲಿ ಸೆರೆಸಿಕ್ಕಿ ಆಮೇಲೆ ಮಾರ್ತಾಂಡವರ್ಮನ ಸೇನೆಯನ್ನೇ ಕಟ್ಟಿದ ಡಚ್ ಕಂಪನಿಯ ಅಧಿಕಾರಿ ಡಿ ಲನಾಯ್‌ನ ಸಮಾಧಿ ಇರುವ ಉದಯಗಿರಿ ಕೋಟೆ ತಕ್ಕಲೈಯಿಂದ ನಾಗರಕೋಯಿಲ್ ಕಡೆಗೆ ಹೋಗುವ ಹೆದ್ದಾರಿಯ ಪಕ್ಕದಲ್ಲೇ ಇದೆ. ಅರಮನೆ ಮುಗಿಸಿ ಅದೇ ದಾರಿಯಲ್ಲಿ ಮುಂದೆ ಹೋಗಬಹುದು.